ನಿಮ್ ಮಗ ಯಾವ ಸ್ಕೂಲು ಮಿಸ್?

ಮೇ ತಿಂಗಳ ಕೊನೆಯ ವಾರ ಬಂತೆಂದರೆ ಸರ್ಕಾರಿ ಶಾಲೆಯ ಟೀಚರುಗಳಾದ ನಮಗೆ ಊರು ತಿರುಗುವ ಕೆಲಸ. ಒಂದನೇ ಕ್ಲಾಸಿನ ವಯಸ್ಸಿಗೆ ಬಂದ ಮಕ್ಕಳು ಯಾರ ಮನೆಯಲ್ಲಿದ್ದಾರೆ ಎಂದು ಪಟ್ಟಿ ಹಿಡಿದು ಹೊರಡಬೇಕು. ಪಟ್ಟಣದ ಶಾಲೆಯ ವ್ಯಾನು ಬಂದು ಹತ್ತಿಸಿಕೊಂಡು ಹೋಗುವ ಮೊದಲೇ ಅವರ ಅಪ್ಪ ಅಮ್ಮನನ್ನು ಒಪ್ಪಿಸಬೇಕು. ಸುತ್ತೋಲೆಯಲ್ಲಿ ಇದಕ್ಕೆ ದಾಖಲಾತಿ ಆಂದೋಲನ ಎಂಬ ದೊಡ್ಡ ಹೆಸರಿದೆ. ನಮ್ಮ ಹೆಡ್‌ಮಾಸ್ಟರು ಮಾತ್ರ "ನಡೀರಿ ಮೇಡಂ, ಮಕ್ಕಳನ್ನ ಹುಡುಕ್ಕೊಂಡು ಬರಾಣ" ಅನ್ನುತ್ತಾರೆ, ಮೇಯಲು ಬಿಟ್ಟ ಕರು ಸಂಜೆಯಾದರೂ ಬರಲಿಲ್ಲ ಅನ್ನುವವರ ಹಾಗೆ.

ತಿಪಟೂರು ಸೀಮೆಯ ಹಳ್ಳಿ ನಮ್ಮದು. ಮೇ ಬಿಸಿಲಿನಲ್ಲಿ ಯಾರ ಅಂಗಳಕ್ಕೆ ಹೋದರೂ ಕೊಬ್ಬರಿ ಸುಲಿಯುವ ಸದ್ದು. ಅಂಥದೊಂದು ಅಂಗಳದಲ್ಲಿ ಆ ಹೆಂಗಸು ಕೂತಿದ್ದಳು. ಎಡಗೈಯಲ್ಲಿ ಕಾಯಿ, ಬಲಗೈಯಲ್ಲಿ ಮಚ್ಚು. ಒಳಗಿನ ಉಂಡೆ ಒಡೆಯದ ಹಾಗೆ ಚಿಪ್ಪನ್ನಷ್ಟೇ ಬಿಡಿಸಬೇಕು. ಉಂಡೆ ಹೋಳಾದರೆ ರೇಟು ಬೀಳುತ್ತದೆ, ಸುಲಿದವಳಿಗೆ ಬೈಗುಳ ಬೀಳುತ್ತದೆ. ಪಕ್ಕದಲ್ಲಿ ಎರಡು ಜಡೆಯ ಮಗಳು ಚಿಪ್ಪು ಆಯ್ದು ಗುಡ್ಡೆ ಹಾಕುತ್ತಿದ್ದಳು.

ನಾನು ನನ್ನ ಪಾಠ ಒಪ್ಪಿಸಿದೆ. ಯೂನಿಫಾರಂ ಕೊಡ್ತೀವಿ, ಪುಸ್ತಕ ಕೊಡ್ತೀವಿ, ಶೂ ಸಾಕ್ಸ್ ಕೊಡ್ತೀವಿ, ಬೆಳಿಗ್ಗೆ ಹಾಲು, ಮಧ್ಯಾಹ್ನ ಬಿಸಿಯೂಟ, ಮೊಟ್ಟೆ. ನಲಿಕಲಿಯಲ್ಲಿ ಆಟ ಆಡ್ತಾ ಆಡ್ತಾನೇ ಓದು ಬರುತ್ತೆ. ಹದಿಮೂರು ವರ್ಷದಿಂದ ಹೇಳಿ ಹೇಳಿ ಬಾಯಿಪಾಠವಾಗಿರುವ ಮಾತು. ಅವಳು ಮಚ್ಚು ನಿಲ್ಲಿಸದೆ ಕೇಳಿಸಿಕೊಂಡಳು. ಆಮೇಲೆ ತಲೆಯೆತ್ತಿ, "ಎಲ್ಲಾ ಸರಿ. ನಿಮ್ ಮಗ ಯಾವ ಸ್ಕೂಲು ಮಿಸ್?" ಅಂದಳು.

"ತಿಪಟೂರಲ್ಲಿ ಓದ್ತಾನೆ" ಅಂದೆ.

"ತಿಪಟೂರಲ್ಲಿ ಯಾವ್ದು?"

ಹೆಡ್‌ಮಾಸ್ಟರಿಗೆ ಆ ಕ್ಷಣದಲ್ಲೇ ಮೊಬೈಲಿನಲ್ಲಿ ಏನೋ ಬಹಳ ಮುಖ್ಯವಾದದ್ದು ಕಾಣಿಸಿತು. ನಾನು ಶಾಲೆಯ ಹೆಸರು ಹೇಳಿದೆ. ವ್ಯಾನು ಬರುವ, ಟೈ ಕಟ್ಟುವ, ಇಂಗ್ಲಿಷ್ ಮೀಡಿಯಂ ಶಾಲೆ. ಅವಳು ನಗಲಿಲ್ಲ, ಚುಚ್ಚಲೂ ಇಲ್ಲ. "ಹೂಂ" ಅಂದು ಇನ್ನೊಂದು ಕಾಯಿ ಕೈಗೆತ್ತಿಕೊಂಡಳು. "ವ್ಯಾನ್‌ಗೆ ಕಟ್ಟಾಕೆ ನಮ್ಮತ್ರ ಎಲ್ಲೈತೆ. ಬರ್ಕೊಳಿ ಇವಳ ಹೆಸರ."

ಬರೆದುಕೊಂಡೆ. ಆ ವರ್ಷ ಒಂದನೇ ಕ್ಲಾಸಿಗೆ ಸೇರಿದ ನಾಲ್ಕು ಮಕ್ಕಳಲ್ಲಿ ಅವಳೊಬ್ಬಳು. ಹೊರಗೆ ಬಂದ ಮೇಲೆ ಹೆಡ್‌ಮಾಸ್ಟರು, "ಬೇಜಾರ್ ಮಾಡ್ಕೋಬೇಡಿ, ನನ್ನ ಇಬ್ಬರೂ ಕಾನ್ವೆಂಟಲ್ಲೇ ಓದಿದ್ದು" ಅಂದರು. ಅವರು ಸಮಾಧಾನಕ್ಕೆ ಹೇಳಿದ್ದು. ನನಗೆ ಇನ್ನಷ್ಟು ಕಸಿವಿಸಿಯಾಯಿತು. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಅನ್ನುವ ಗಾದೆ ಕಟ್ಟಿದವರು ನಮ್ಮ ಸ್ಟಾಫ್ ರೂಮಿಗೆ ಬಂದು ಹೋಗಿರಬೇಕು.

ನನ್ನ ಮಗ ಆ ಇಂಗ್ಲಿಷ್ ಶಾಲೆಗೆ ಸೇರಿದ್ದು ಹೇಗೆ ಅಂತ ಕೇಳಿದರೆ, ಕೂತು ತೀರ್ಮಾನ ಮಾಡಿದ ನೆನಪೇ ನನಗಿಲ್ಲ. ನಮ್ಮ ಮನೆಯ ಬೆಳಗನ್ನು ನೋಡಿದವರಿಗೆ ಅದು ಅರ್ಥವಾದೀತು. ನಾಲ್ಕೂ ಮುಕ್ಕಾಲಿಗೆ ಅಲಾರಂ. ತಿಂಡಿ, ನಾಲ್ಕು ಡಬ್ಬಿ, ಮಧ್ಯಾಹ್ನಕ್ಕೆ ಅತ್ತೆಗೆ ಮುದ್ದೆ ಮತ್ತು ಸಾರು. ಅತ್ತೆಗೆ ಮಂಡಿನೋವು, ನಿಂತು ಮಾಡಲಾಗುವುದಿಲ್ಲ. ಕೂತಲ್ಲಿಂದಲೇ ಅವರೆಕಾಯಿ ಬಿಡಿಸುತ್ತಾ, ಯಾವ ಡಬ್ಬಿಗೆ ಯಾವ ಮುಚ್ಚಳ ಎಂದು ನಿರ್ದೇಶನ ಕೊಡುತ್ತಾರೆ. ಇವರು ಇಸ್ತ್ರಿ ಪೆಟ್ಟಿಗೆ ಹಿಡಿಯುತ್ತಾರೆ: ಮಗಳ ಯೂನಿಫಾರಂ, ಮಗನದು, ತಮ್ಮ ಅಂಗಿ, ನನ್ನ ಕಾಟನ್ ಸೀರೆ. ಸೀರೆ ಇಸ್ತ್ರಿ ಮಾಡುವ ಗಂಡ ಸಿಕ್ಕಿದ್ದು ನಿನ್ನ ಪುಣ್ಯ ಅನ್ನುತ್ತಾರೆ ನಮ್ಮ ಕಡೆಯವರು. ಪುಣ್ಯವೇ ಇರಬಹುದು. ಆ ಸೀರೆಯುಟ್ಟು ನಾನು ಅವರ ಡಬ್ಬಿಗೆ ಚಿತ್ರಾನ್ನ ತುಂಬುವುದು ಯಾರ ಪುಣ್ಯವೋ, ಅದನ್ನು ಯಾರೂ ಹೇಳಿಲ್ಲ.

ಏಳೂ ಐವತ್ತಕ್ಕೆ ಬಸ್ಸು. ಅದು ತಪ್ಪಿದರೆ ಮುಂದಿನದು ಒಂಬತ್ತೂ ಕಾಲಿಗೆ, ಅಂದರೆ ಪ್ರಾರ್ಥನೆ ಮುಗಿದ ಮೇಲೆ. ಮಗಳು ಎಂಟನೇ ಕ್ಲಾಸು, ಸೈಕಲ್ಲಿನಲ್ಲಿ ಹೋಗುತ್ತಾಳೆ. ಮಗನನ್ನು ಸೇರಿಸಿದಾಗ ಅವನಿಗೆ ಮೂರೂವರೆ ವರ್ಷ. ಮನೆ ಬಾಗಿಲಿಗೆ ಬಂದು ಕರೆದುಕೊಂಡು ಹೋಗಿ, ಸಂಜೆ ಅದೇ ಬಾಗಿಲಿಗೆ ತಂದುಬಿಡುವ ಒಂದು ಹಳದಿ ವ್ಯಾನು ಬೇಕಿತ್ತು, ಅಷ್ಟೆ. ವ್ಯಾನಿನ ಹಿಂದೆ ಶಾಲೆ ಬಂತು. ಎಲ್‌ಕೆಜಿಯ ಹಿಂದೆ ಯುಕೆಜಿ ಬಂತು, ಅದರ ಹಿಂದೆ ಒಂದನೇ ಕ್ಲಾಸು. ಇಷ್ಟನ್ನೇ ಹೇಳಿ ನಿಲ್ಲಿಸಿದರೆ ನಾನು ಸಾಚಾ ಆಗಿಬಿಡುತ್ತೇನೆ. ಇಂಗ್ಲಿಷಿನ ಭಯವೂ ಇತ್ತು. ನಾನು ಟಿಸಿಎಚ್ ಅನ್ನುವ ಟೀಚರ್ ಟ್ರೈನಿಂಗ್ ಮುಗಿಸಿ ಕೆಲಸಕ್ಕೆ ಸೇರಿ, ಆಮೇಲೆ ಕರೆಸ್ಪಾಂಡೆನ್ಸಿನಲ್ಲಿ ಬಿಎ ಮಾಡಿದವಳು. ಇಂದಿಗೂ ಬ್ಯಾಂಕಿನಲ್ಲಿ ಯಾರಾದರೂ ಇಂಗ್ಲಿಷಿನಲ್ಲಿ ಮಾತು ಶುರು ಮಾಡಿದರೆ ನನ್ನ ಅಂಗೈ ಬೆವರುತ್ತದೆ. ನನ್ನ ಮಗನ ಅಂಗೈ ಬೆವರಬಾರದು ಅಂದುಕೊಂಡೆ. ಆ ಅಂಗಳದ ಹೆಂಗಸಿಗೂ ಅದೇ ಆಸೆ ಇದ್ದಿರಬೇಕು. ನನ್ನ ಹತ್ತಿರ ವರ್ಷಕ್ಕೆ 32 ಸಾವಿರ ಇತ್ತು, ಅವಳ ಹತ್ತಿರ ಇರಲಿಲ್ಲ.

2015ರಲ್ಲಿ ಅಲಹಾಬಾದ್ ಹೈಕೋರ್ಟು, ಉತ್ತರ ಪ್ರದೇಶದಲ್ಲಿ ಸರ್ಕಾರದಿಂದ ಸಂಬಳ ಪಡೆಯುವವರೆಲ್ಲ ತಮ್ಮ ಮಕ್ಕಳನ್ನು ಸರ್ಕಾರಿ ಪ್ರಾಥಮಿಕ ಶಾಲೆಗೇ ಕಳಿಸಬೇಕು ಅಂದಾಗ ನಮ್ಮ ಸಮಾಲೋಚನಾ ಸಭೆಯಲ್ಲಿ ಅದೇ ಮಾತು. ನಾನು ಆಗ ಜೋರಾಗಿ, ಸರಿಯಾಗೇ ಹೇಳಿದಾರೆ ಅಂದಿದ್ದೆ. ಮಗ ಆಗ ಹುಟ್ಟಿರಲಿಲ್ಲ. ಮಗಳು ಅಂಗನವಾಡಿಗೆ ಹೋಗುತ್ತಿದ್ದಳು. ಮಾತು ಸಲೀಸಾಗಿತ್ತು.

ಬಸ್ಸಿನಲ್ಲಿ ನಲವತ್ತು ನಿಮಿಷ ನನ್ನದು. 2023ರ ಜೂನ್ 11ರಿಂದ ನಮಗೆಲ್ಲ ಸೊನ್ನೆ ರೂಪಾಯಿ ಟಿಕೆಟ್ಟು. ಪಾಸಿಗೆ ಕಟ್ಟುತ್ತಿದ್ದ ದುಡ್ಡು ಉಳಿಯುತ್ತದೆ, ಸೀಟು ಸಿಗುವುದಿಲ್ಲ. ಕಂಬಕ್ಕೆ ಒರಗಿ ನಿಂತೇ ನೋಟ್‌ಬುಕ್ಕಿಗೆ ಕೆಂಪು ಗೀಟು ಹಾಕುವುದು ಕಲಿತಿದ್ದೇನೆ. ಬಸ್ಸು ಹಳ್ಳಕ್ಕೆ ಇಳಿದಾಗ ಸರಿ ಗುರುತು ತಪ್ಪು ಗುರುತಾದದ್ದೂ ಉಂಟು. ಉಳಿದ ಪಾಸಿನ ದುಡ್ಡು ಎಲ್ಲಿಗೆ ಹೋಗುತ್ತದೆ ಗೊತ್ತೇ? ಮಗನ ವ್ಯಾನಿಗೆ.

ಶಾಲೆಗೆ ಕಾಲಿಟ್ಟ ಮೇಲೆ ಮನೆ ಮರೆಯುತ್ತದೆ, ಮರೆಯಲೇಬೇಕು. 23 ಮಕ್ಕಳು, ನಾವಿಬ್ಬರು. ಒಂದು, ಎರಡು, ಮೂರನೇ ಕ್ಲಾಸಿನ ನಲಿಕಲಿ ಕೋಣೆ ನನ್ನದು. 150 ಮಿಲಿಲೀಟರ್ ಹಾಲಿನ ಲೋಟಗಳನ್ನು ಎಣಿಸುವುದರಿಂದ ದಿನ ಶುರು. ಮೊಟ್ಟೆ ಬೇಡವೆಂದವರಿಗೆ ಬಾಳೆಹಣ್ಣು. ಎಷ್ಟು ಜನ ತಿಂದರು, ಎಷ್ಟು ಉಳಿಯಿತು, ಎಲ್ಲವೂ ಲೆಕ್ಕದ ಪುಸ್ತಕಕ್ಕೆ ಏರಬೇಕು. ಒಂದು ಮೊಟ್ಟೆಗೆ ಬರುವ 6 ರೂಪಾಯಿಯಲ್ಲಿ 30 ಪೈಸೆ ಸಿಪ್ಪೆ ಸುಲಿದದ್ದಕ್ಕೆ. ಮೊದಲ ಸಲ ಅದನ್ನು ಓದಿದಾಗ ನಗು ಬಂದಿತ್ತು. ಹದಿನೈದು ವರ್ಷದಿಂದ ಮನೆಯಲ್ಲಿ ಸುಲಿದದ್ದಕ್ಕೆ ಲೆಕ್ಕ ಹಾಕಿಕೊಳ್ಳಲು ಒಂದು ಸರ್ಕಾರಿ ದರವಾದರೂ ಸಿಕ್ಕಿತಲ್ಲ ಅಂತ.

ನಲಿಕಲಿ ಬಗ್ಗೆ ಒಂದು ಮಾತು ಹೇಳಲೇಬೇಕು, ಯಾಕೆಂದರೆ ನನ್ನ ತಳಮಳ ಇರುವುದೇ ಅಲ್ಲಿ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶುರುವಾದ ಕಲಿಸುವ ಪದ್ಧತಿ ಇದು. ಅಲ್ಲಿನ ಮೇಷ್ಟ್ರುಗಳೇ ಆಂಧ್ರದ ರಿಷಿವ್ಯಾಲಿ ಶಾಲೆಗೆ ಹೋಗಿ ನೋಡಿಕೊಂಡು ಬಂದು, ತಾವೇ ಕೂತು ಕಾರ್ಡು ಬರೆದರು. 2009-10ರ ಹೊತ್ತಿಗೆ ರಾಜ್ಯದ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಿಗೆಲ್ಲ ಬಂತು. ಗೋಡೆಯ ಮೇಲೆ ಕಲಿಕಾ ಏಣಿ, ತಲೆಯ ಮೇಲೆ ದಾರಕ್ಕೆ ನೇತುಬಿಟ್ಟ ಮಕ್ಕಳ ಚಿತ್ರಗಳ ಚಪ್ಪರ, ಕೆಳಗೆ ದುಂಡು ಮೇಜಿನ ಸುತ್ತ ಬೇರೆ ಬೇರೆ ತಟ್ಟೆಗಳು. ತಟ್ಟೆ ಅಂದರೆ ಗುಂಪು. ಊಟದ ತಟ್ಟೆ ಅಂದುಕೊಂಡು ಮೊದಲ ದಿನ ಕೈತೊಳೆದುಕೊಂಡು ಬಂದು ಕೂತ ಮಕ್ಕಳನ್ನು ನಾನು ನೋಡಿದ್ದೇನೆ. ಒಂದು ಮಗು ಎಂಟು ದಿನ ಬರಲಿಲ್ಲ ಅನ್ನಿ, ರಾಗಿ ಕೊಯ್ಲೋ ಜ್ವರವೋ ಅಜ್ಜಿ ಮನೆಯ ಜಾತ್ರೆಯೋ. ವಾಪಸು ಬಂದಾಗ ತಾನು ನಿಂತಿದ್ದ ಮೆಟ್ಟಿಲಿನಿಂದಲೇ ಹತ್ತುತ್ತದೆ. ಉಳಿದವರು ಮುಂದೆ ಹೋದರಲ್ಲ ಎಂದು ಅದನ್ನು ಎಳೆಯುವ ಹಾಗಿಲ್ಲ.

ಇಲ್ಲಿ ಅಕ್ಷರ ಅ ಆ ಇ ಈ ಅಂತ ಬರುವುದಿಲ್ಲ. ರ, ಗ, ಸ, ದ, ಅ. ಮೊದಲು ಈ ಐದೇ. ತರಬೇತಿಯಲ್ಲಿ ಮೊದಲ ಸಲ ಕೇಳಿದಾಗ ನನಗೂ ಇದೆಂಥ ಕ್ರಮ ಅನ್ನಿಸಿತ್ತು. ಆದರೆ ಈ ಐದು ಕೈಗೆ ಬಂದ ಮಗು ಅವತ್ತೇ ಓದಲು ಶುರು ಮಾಡುತ್ತದೆ. ಸರ. ಅರಸ. ಅಗಸ. ದಸರ. ಗರಗಸ. ಕಾಗುಣಿತ ಬೇಡ, ಒತ್ತಕ್ಷರ ಬೇಡ. ವರ್ಣಮಾಲೆಯ ಸ್ವರಗಳನ್ನೆಲ್ಲ ಬಾಯಿಪಾಠ ಮಾಡಿದ ಮಗುವಿಗೆ ಅದರಿಂದ ಒಂದೆರಡು ಪದ ಕಟ್ಟುವುದೂ ಕಷ್ಟ. 'ಗರಗಸ' ಎಂದು ತಾನೇ ಓದಿಕೊಂಡ ಮಗುವಿನ ಮುಖವನ್ನು ನೋಡಬೇಕು. ಮೊದಲು ಗೊಂದಲ, ಆಮೇಲೆ ಅನುಮಾನ, ಆಮೇಲೆ ಇಡೀ ಕೋಣೆಗೆ ಕೇಳುವ ಹಾಗೆ ಇನ್ನೊಂದು ಸಲ.

ಆ ಮಗುವಿಗೆ ನಾನು ಹತ್ತು ಸಲ ಕಾಯುತ್ತೇನೆ. ಇಪ್ಪತ್ತು ಸಲ ಬೇಕಾದರೂ. ಕಾಯುವುದೇ ನನ್ನ ಕೆಲಸ, ಅದರಲ್ಲಿ ನನಗೆ ಒಳ್ಳೆಯ ಹೆಸರೂ ಇದೆ.

ಸಂಜೆ ಆರಕ್ಕೆ ಮನೆ ಮುಟ್ಟಿ, ಕಾಫಿ ಕುಡಿದು, ಮಗನ ಡೈರಿ ತೆಗೆಯುವ ಹೊತ್ತಿಗೆ ಆ ತಾಳ್ಮೆ ಎಲ್ಲಿ ಖರ್ಚಾಗಿರುತ್ತದೋ ತಿಳಿಯದು. ಕರ್ಸಿವ್ ರೈಟಿಂಗ್ ಒಂದು ಪುಟ, ಟೇಬಲ್ಸ್, ಸ್ಪೆಲಿಂಗ್ ಟೆಸ್ಟಿಗೆ ಹತ್ತು ಪದ, ಕನ್ನಡ ಕಾಪಿ. ಒಲೆಯ ಮೇಲೆ ಸಾರು, ಕೈಯಲ್ಲಿ ಸೌಟು, ಬಾಯಲ್ಲಿ ಸ್ಪೆಲಿಂಗು. "ಎಷ್ಟ್ ಸಲ ಹೇಳೋದು ನಿಂಗೆ?" ಎಂಬ ಮಾತು, ನಾನು ಶಾಲೆಯಲ್ಲಿ ಎಂದೂ ಆಡದ ಮಾತು, ಮನೆಯಲ್ಲಿ ದಿನಕ್ಕೆ ಮೂರು ಸಲ ಆಡುತ್ತೇನೆ. ಒಂದು ದಿನ ಅವನು ರಬ್ಬರ್ ಕಡಿಯುತ್ತಾ ಕೂತವನು, "ಅಮ್ಮಾ, ನೀನು ಸ್ಕೂಲಲ್ಲೂ ಹಿಂಗೇ ಕಿರ್ಚ್ತೀಯಾ?" ಅಂತ ಕೇಳಿದ. ಇಲ್ಲ ಅಂದೆ. ಅದು ನಿಜ ಆಗಿದ್ದರಿಂದಲೇ ಹೇಳಿದ ಮೇಲೆ ನಾಲಿಗೆ ಕಹಿಯಾಯಿತು.

ಜುಲೈನಲ್ಲಿ ಅವನ ಡೈರಿಯಲ್ಲಿ ಚೀಟಿ ಬಂತು. ಪೇರೆಂಟ್ಸ್ ಮೀಟಿಂಗಿಗೆ ತಾಯಿಯೇ ಬರಬೇಕು, ಕೆಳಗೆ ಎರಡು ಗೀಟು. ಅದರ ಹಿಂದಿನ ಎರಡು ಸಭೆಗೂ ನಾನು ಹೋಗಿರಲಿಲ್ಲ. ಅದೇ ಶನಿವಾರ ನಮ್ಮಲ್ಲೂ ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಸಭೆ ಇತ್ತು. "ಪಾಲಕರು ತಪ್ಪದೆ ಹಾಜರಾಗಬೇಕು" ಎಂದು ಮಕ್ಕಳ ಕೈಯಲ್ಲಿ ಚೀಟಿ ಕಳಿಸಿದವಳು ನಾನೇ. ಹೆಡ್‌ಮಾಸ್ಟರಿಗೆ ಕೈಮುಗಿದು ರಜೆ ಹಾಕಿದೆ. ಇಬ್ಬರು ಮೇಷ್ಟ್ರ ಶಾಲೆಯಲ್ಲಿ ಒಬ್ಬರ ರಜೆ ಅಂದರೆ ಇನ್ನೊಬ್ಬರಿಗೆ ಐದು ಕ್ಲಾಸು. ಮಹಿಳಾ ನೌಕರರಿಗೆ 180 ದಿನದ ಶಿಶುಪಾಲನಾ ರಜೆ ಇದೆ, 2021ರಲ್ಲೇ ಆದೇಶವಾಗಿದೆ. ಅದನ್ನು ಕೇಳಲು ನನಗೆ ಬಾಯಿ ಬಂದಿಲ್ಲ. ನಾನು ಹೋದರೆ ಆ ಏಣಿ ಹತ್ತಿಸುವವರು ಯಾರು ಅನ್ನುವುದು ಒಂದು. ಇನ್ನೊಂದು, ಕೇಳಿದರೆ ಸಿಗುವ ಮೊದಲ ಉತ್ತರವೂ ಅದೇ ಆಗಿರುತ್ತದೆ ಅನ್ನುವುದು.

ಮಗನ ಕ್ಲಾಸಿನ ಪುಟ್ಟ ಬೆಂಚಿನಲ್ಲಿ ಮಂಡಿ ಗದ್ದಕ್ಕೆ ತಾಗುವ ಹಾಗೆ ಕೂತೆ. ಮೇಡಂಗೆ ಇಪ್ಪತ್ನಾಲ್ಕೋ ಇಪ್ಪತ್ತೈದೋ. ನನ್ನ ಸಂಬಳದ ಕಾಲು ಭಾಗವೂ ಅವಳಿಗೆ ಬರುವುದಿಲ್ಲ ಎಂದು ನನಗೆ ಗೊತ್ತು. ಮೃದುವಾಗಿಯೇ ಹೇಳಿದಳು: "ಕನ್ನಡ ರೀಡಿಂಗ್ ತುಂಬ ವೀಕ್ ಇದಾನೆ. ಮನೇಲಿ ಸ್ವಲ್ಪ ಟೈಮ್ ಕೊಡಿ ಮೇಡಂ."

ಮನೇಲಿ ಸ್ವಲ್ಪ ಟೈಮ್ ಕೊಡಿ. ಈ ವಾಕ್ಯವನ್ನು ನಾನು ಎಷ್ಟು ಜನಕ್ಕೆ ಹೇಳಿಲ್ಲ! ಕೂಲಿ ಮುಗಿಸಿ ಸೊಪ್ಪಿನ ಹೊರೆ ಹೊತ್ತುಕೊಂಡೇ ಸಭೆಗೆ ಬಂದವರಿಗೆ, ಹಾಲು ಡೈರಿಗೆ ಹೊತ್ತಾಯಿತೆಂದು ಬಾಗಿಲಲ್ಲೇ ನಿಂತವರಿಗೆ. ಅವರೆಲ್ಲ ತಲೆಯಾಡಿಸಿ ಹೋಗುತ್ತಿದ್ದರು. ನಾನೂ ತಲೆಯಾಡಿಸಿದೆ. ನಾನು ಕನ್ನಡ ಕಲಿಸುವ ಟೀಚರ್ ಎಂದು ಅವಳಿಗೆ ಹೇಳಲಿಲ್ಲ.

ಸೆಪ್ಟೆಂಬರಿನ ಒಂದು ಶನಿವಾರ ಅವನಿಗೆ ರಜೆ. ಅತ್ತೆ ಅರಸೀಕೆರೆಗೆ ನಾದಿನಿಯ ಮನೆಗೆ ಹೋಗಿದ್ದರು, ಇವರಿಗೆ ಆಫೀಸು. ಬೇರೆ ದಾರಿ ಇಲ್ಲದೆ ಬೆಳಗಿನ ಶಾಲೆಗೆ ಅವನನ್ನೂ ಬಸ್ಸು ಹತ್ತಿಸಿದೆ. ನಲಿಕಲಿ ಕೋಣೆಯ ಮೂಲೆಯಲ್ಲಿ ಡ್ರಾಯಿಂಗ್ ಪುಸ್ತಕ ಕೊಟ್ಟು ಕೂರಿಸಿ, "ಅಲ್ಲಾಡಬೇಡ" ಅಂದೆ. ಹತ್ತು ನಿಮಿಷಕ್ಕೆ ಅವನು ಅಲ್ಲಿರಲಿಲ್ಲ. ಎರಡು ಜಡೆಯ ಹುಡುಗಿಯ ತಟ್ಟೆಯಲ್ಲಿ ಕೂತಿದ್ದ. ಅವಳು ಆಗಷ್ಟೇ, ಹೊಸದಾಗಿ ಸೇರಿದ ಮಕ್ಕಳನ್ನು ಓದಿಗೆ ಅಣಿ ಮಾಡುವ ವಿದ್ಯಾಪ್ರವೇಶ ಮುಗಿಸಿ ಮೊದಲ ಐದು ಅಕ್ಷರಕ್ಕೆ ಬಂದಿದ್ದಳು. ಅವಳ ಬಂಡವಾಳ ಅಷ್ಟೇ. ಆ ಐದನ್ನು ಅವಳು ಸಾಹುಕಾರಳ ಹಾಗೆ ನೆಲದ ಮೇಲೆ ಹರಡಿಕೊಂಡಿದ್ದಳು.

"ಇದ್ನ ಓದು."

ನನ್ನ ಮಗ ಕಾರ್ಡು ನೋಡಿದ. "ಗ... ಗಾ..."

"ಗಾ ಅಲ್ಲ, ಗ. ಕೊಂಬಿಲ್ಲ, ಬಾಲ ಇಲ್ಲ, ಬರೀ ಗ."

"ಗ. ರ. ಗ..." ನಿಂತ. ಅವಳು ಹೇಳಿಕೊಡಲಿಲ್ಲ. ಬೆರಳನ್ನು ಕಾರ್ಡಿನ ಕೆಳಗಿಟ್ಟು, ಅವನ ಮುಖವನ್ನೇ ನೋಡುತ್ತಾ ಸುಮ್ಮನೆ ಕೂತಳು. ಆ ಬೆರಳು ಇಡುವ ರೀತಿ ನನ್ನದು. ತೋರುಬೆರಳಲ್ಲ, ನಾನು ಕಿರುಬೆರಳು ಇಡುತ್ತೇನೆ, ಅಕ್ಷರ ಮುಚ್ಚಿ ಹೋಗಬಾರದೆಂದು. ಅವಳು ಅದನ್ನು ಯಾವಾಗ ನೋಡಿಕೊಂಡಳೋ. "ಸ" ಅಂದ ಅವನು. ಆಮೇಲೆ "ಗರಗಸ" ಅಂದ. ಆಮೇಲೆ ನನ್ನ ಕಡೆ ತಿರುಗಿ, "ಅಮ್ಮಾ, ಗರಗಸ ಅಂದ್ರೇನು?" ಅಂದ.

ಕೋಣೆಯೆಲ್ಲ ನಕ್ಕಿತು. ಎರಡನೇ ಕ್ಲಾಸಿನವನಿಗೆ ಗರಗಸ ಗೊತ್ತಿಲ್ಲವಲ್ಲ! ಒಬ್ಬ ಎದ್ದು ನಿಂತು ಮರ ಕುಯ್ಯುವ ಅಭಿನಯ ಮಾಡಿ ತೋರಿಸಿದ. ಮಗನಿಗೆ ಅವಮಾನವಾಗುತ್ತದೇನೋ ಎಂದು ನಾನು ಹೆದರಿದೆ. ಅವನೂ ಸೇರಿಕೊಂಡು ಮರ ಕುಯ್ಯತೊಡಗಿದ. ಮೊಟ್ಟೆಯ ಹೊತ್ತಿಗೆ ಸಾಲಿನಲ್ಲಿ ನಿಂತ. ಅವನ ಹೆಸರು ಹಾಜರಿಯಲ್ಲಿಲ್ಲ, ಹಾಗಾಗಿ ಲೆಕ್ಕದಲ್ಲಿ ಅವನಿಗೆ ಮೊಟ್ಟೆ ಇಲ್ಲ. ಅಡುಗೆಯ ಅಮ್ಮ ತಮ್ಮ ಪಾಲಿನದನ್ನು ಕೊಡಲು ಬಂದರು. ನಾನು ಡಬ್ಬಿಯಲ್ಲಿದ್ದ ಚಪಾತಿ ತೆಗೆದೆ. ಅವನು ಮುಖ ಊದಿಸಿಕೊಂಡು, ಚಪಾತಿಯನ್ನು ಎರಡು ಜಡೆಯವಳಿಗೆ ಕೊಟ್ಟು ಅವಳ ಅರ್ಧ ಮೊಟ್ಟೆ ತಿಂದ. ವಿನಿಮಯ ನನ್ನ ಕಣ್ಣ ಮುಂದೆಯೇ ನಡೆಯಿತು. ಲೆಕ್ಕದ ಪುಸ್ತಕ ಬರೆಯುವವಳಾಗಿ ನಾನದನ್ನು ನೋಡಲಿಲ್ಲ.

ಬಸ್ಸಿನಲ್ಲಿ ನಿದ್ದೆ ಹೋಗುವ ಮೊದಲು, "ನಾಳೆನೂ ಬರ್ಲಾ?" ಅಂದ. ನಾಳೆ ಭಾನುವಾರ ಅಂದೆ. "ನಾಳಿದ್ದು?" ನಾಳಿದ್ದು ನಿಂಗೆ ಸ್ಪೆಲಿಂಗ್ ಟೆಸ್ಟ್ ಇದೆ ಅಂದೆ.

ಆ ರಾತ್ರಿ ಇವರ ಹತ್ತಿರ ಮಾತೆತ್ತಿದೆ. ಮುಂದಿನ ವರ್ಷ ನನ್ನ ಜೊತೆಗೇ ಕರೆದುಕೊಂಡು ಹೋದರೆ? ಅವರು ಇಲ್ಲ ಅನ್ನಲಿಲ್ಲ. "ನಿಂಗೆ ಟ್ರಾನ್ಸ್‌ಫರ್ ಆದ್ರೆ?" ಅಂದರು. "ಐದನೇ ಕ್ಲಾಸ್ ಆದ್ಮೇಲೆ?" ಅಂದರು. ಬಾಗಿಲಾಚೆ ಓದುತ್ತಿದ್ದ ಮಗಳು, "ಅವ್ನಿಗೆ ಅಮ್ಮ ಬೇಕು, ಸ್ಕೂಲ್ ಅಲ್ಲ" ಅಂದಳು. ಅವಳ ಮಾತಿನಲ್ಲಿ ತನ್ನದೂ ಒಂದು ಹಳೆಯ ಬಾಕಿ ಇತ್ತು. ನಾನು ಕೆಲಸಕ್ಕೆ ಹೊಸದಾಗಿ ಸೇರಿದಾಗ ಅವಳಿಗೆ ಎಂಟು ತಿಂಗಳು. ಅದನ್ನು ಕೆದಕುವ ಧೈರ್ಯ ಬರಲಿಲ್ಲ. ಎದ್ದು ಹೋಗಿ ಇಡ್ಲಿ ಹಿಟ್ಟಿಗೆ ಉಪ್ಪು ಹಾಕಿದೆ.

ಇನ್ನು ದಸರಾ ರಜೆ. ಈ ಸಲವಾದರೂ ಮಕ್ಕಳ ಜೊತೆ ಇರುತ್ತೇನೆ ಅಂದುಕೊಂಡಿದ್ದೆ. 2025ರ ಸೆಪ್ಟೆಂಬರ್ 22ಕ್ಕೆ ಹಿಂದುಳಿದ ವರ್ಗಗಳ ಆಯೋಗದ ಸಮೀಕ್ಷೆ ಶುರುವಾಯಿತು. ಮನೆಗೆ ಅಂಟಿಸಿದ ಸ್ಟಿಕ್ಕರ್ ಹುಡುಕಿ, ಮೊಬೈಲ್ ಆ್ಯಪಿನಲ್ಲಿ ಒಂದೊಂದು ಕುಟುಂಬಕ್ಕೆ 60 ಪ್ರಶ್ನೆ. ಗಣತಿದಾರರು ಯಾರು ಅಂತ ಬೇರೆ ಹೇಳಬೇಕಿಲ್ಲ. ಮುಗಿಯಲಿಲ್ಲವೆಂದು ಶಾಲೆಗಳ ರಜೆ ಅಕ್ಟೋಬರ್ 18ರವರೆಗೆ ಮುಂದುವರಿಯಿತು. ಮಕ್ಕಳಿಗೆ ರಜೆ, ನಮಗೆ ಬಿಸಿಲು. ಆಯುಧಪೂಜೆಯ ದಿನ ಮನೆಯಲ್ಲಿ ಸೈಕಲ್ಲಿಗೆ ಹೂ ಏರಿಸಿದ್ದನ್ನು ಫೋಟೋದಲ್ಲಿ ನೋಡಿದೆ.

ಆ ಹೆಂಗಸಿನ ಮನೆಯೂ ನನ್ನ ಪಾಲಿಗೇ ಬಂದಿತ್ತು. ಎರಡು ಅಂಕಣದ ಮನೆ, ಮೇಲೊಂದು ಅಟ್ಟ. ಇರುವ ಹನ್ನೆರಡು ಮರದ ಕಾಯಿಯನ್ನು ಅಲ್ಲಿ ಹಾಕಿದ್ದಳು. ಅಟ್ಟದ ಮೇಲೆ ಎಂಟು ಹತ್ತು ತಿಂಗಳು ಬಿಟ್ಟರೆ ಕಾಯೊಳಗಿನ ನೀರು ತಾನಾಗಿ ಇಂಗಿ ತಿರುಳು ಉಂಡೆಯಾಗಿ ಚಿಪ್ಪು ಬಿಡುತ್ತದೆ. ಅವಳು ಏಣಿಯ ಮೇಲೆ ನಿಂತು ಒಂದೊಂದೇ ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸುತ್ತಿದ್ದಳು. ಲೊಡಲೊಡ ಅಂದದ್ದು ಕೆಳಗಿನ ಚೀಲಕ್ಕೆ, ನೀರು ಕುಲುಕಿದ್ದು ವಾಪಸು ಅಟ್ಟಕ್ಕೆ. ಕೆಳಗೆ ಚಾಪೆಯ ಮೇಲೆ ಕೂತು ನಾನು ಪ್ರಶ್ನೆ ಕೇಳಿದೆ, ಮೇಲಿನಿಂದ ಉತ್ತರ ಬಿತ್ತು. ರೇಷನ್ ಕಾರ್ಡು, ಆಧಾರು, ಜಮೀನು, ಸಾಲ. ನೆಟ್‌ವರ್ಕ್ ಹೋದಾಗ ಇಬ್ಬರೂ ಸುಮ್ಮನಿರುತ್ತಿದ್ದೆವು. ಎರಡು ಜಡೆಯವಳು ಓಟಿಪಿ ಬಂದ ಫೋನನ್ನು ಹಿಡಿದುಕೊಂಡು ಬಂದು ಒಂದೊಂದೇ ಅಂಕಿ ಓದಿ ಹೇಳಿದಳು, ಕಿರುಬೆರಳು ಕೆಳಗಿಟ್ಟು.

"ಇವಳು ಹೇಳ್ತಿದ್ಲು" ಅಂದಳು ಅಮ್ಮ ಮೇಲಿನಿಂದ, "ಮಿಸ್ ಮಗಂಗೆ ಓದಾಕೆ ಬರಲ್ಲ, ನಾನೇ ಹೇಳ್ಕೊಟ್ಟೆ ಅಂತ. ಬೈದೆ ನಾನು, ಸುಳ್ಳು ಹೇಳ್ಬೇಡ ಅಂತ."

"ಸುಳ್ಳಲ್ಲ" ಅಂದೆ.

ಅವಳ ಕೈ ನಿಂತಿತು. ನನ್ನನ್ನೊಮ್ಮೆ, ಮಗಳನ್ನೊಮ್ಮೆ ನೋಡಿದಳು. "ಮತ್ತೆ ಇಲ್ಲಿಗೇ ಹಾಕ್ಬಿಡಿ ಮಿಸ್. ಬಸ್ಸಲ್ಲಿ ಹೆಂಗೂ ನೀವು ಬತ್ತೀರಲ್ಲ."

"ನೋಡೋಣ" ಅಂದೆ.

"ನೋಡಾಣ ಅಂದ್ರೆ ಇಲ್ಲ ಅಂತಾನೇ" ಅಂದು, ಅವಳು ಇನ್ನೊಂದು ಕಾಯಿ ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿದಳು.